ಅಡ್ಡ ವಿಡಿಯೊದಲ್ಲಿ ಅವ್ವನ ರೊಟ್ಟಿ

"ಅಯ್ಯಯ್ಯ! ಅವ್ವನ ರೊಟ್ಟಿ ತತ್ತಿ ಆತಲ್ಲೋ!"

ಸಂಘಮಿತ್ರಾ, ಎಲ್ಲರ ಬಾಯಲ್ಲಿ ಮಿತ್ರಾ, ಫೋನನ್ನು ನಿಯಾಜನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ನಿಯಾಜ ಪಕ್ಕದ ಮನೆಯವನು, ಅವಳ ಹಾಗೆಯೇ ಐದನೇ ಕ್ಲಾಸು. ಅವನು ಫೋನಿನಲ್ಲಿ ಮೊಟ್ಟೆಯಾಕಾರದ ರೊಟ್ಟಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ.

"ರೊಟ್ಟಿ ಅಷ್ಟ ಅಲ್ಲ, ನಿಮ್ಮವ್ವನೂ ಅಡ್ಡಕ್ಕ ಬೆಳದಾರ ನೋಡ!"

"ನಗಬ್ಯಾಡೋ. ನನಗ ಅಳು ಬರಾಕತ್ತೈತಿ."

ನಿಜಕ್ಕೂ ಅಳು ಬರುತ್ತಿತ್ತು. ಶನಿವಾರ ಅವರ ಶಾಲೆಯಲ್ಲಿ ತಾಯಂದಿರ ಸಭೆ. ಮನೆಯವರು ಮಾಡುವ ಒಂದು ಕೆಲಸವನ್ನು ವಿಡಿಯೊ ಮಾಡಿ ಕಳಿಸಿ, ದೊಡ್ಡ ಟಿವಿಯಲ್ಲಿ ಎಲ್ಲರಿಗೂ ತೋರಿಸೋಣ ಎಂದು ಸಿದ್ರಾಮ ಸರ್ ಹೇಳಿದ್ದರು. ವಿಡಿಯೊ ಅಡ್ಡ ಇರಬೇಕು, ಸೈಜು ಸಣ್ಣದಿರಬೇಕು, ಇವತ್ತು ಸಂಜೆಯೊಳಗೆ ಬರಬೇಕು ಎಂದು ಗ್ರೂಪಿನಲ್ಲಿ ಮೆಸೇಜನ್ನೂ ಹಾಕಿದ್ದರು. ಮಿತ್ರಾ ಅದನ್ನು ಓದಿದಳು, ಆದರೆ ವಿಡಿಯೊ ಮಾಡಿಯಾದ ಮೇಲೆ! ಅಷ್ಟರಲ್ಲಿ ಅವಳು ಫೋನನ್ನು ಉದ್ದಕ್ಕೆ ಹಿಡಿದು, ಅವ್ವನ ತಲೆಯಿಂದ ಹಿಟ್ಟಿನ ಪರಾತದವರೆಗೆ ಚೆಂದವಾಗಿ ತೆಗೆದು ಮುಗಿಸಿದ್ದಳು.

ಅವ್ವ ಸುಜಾತಾ ಮೊದಲು ಒಪ್ಪಿರಲೇ ಇಲ್ಲ. "ನನ್ನ ಮಾರಿ ಏನ್ ನೋಡ್ತಾರ, ಹೋಗ" ಎಂದಿದ್ದಳು. ಮಿತ್ರಾ ಗೋಗರೆದ ಮೇಲೆ ಒಂದೇ ಒಂದು ಷರತ್ತು ಹಾಕಿದ್ದಳು.

"ರೊಟ್ಟಿ ದುಂಡಗ ಕಾಣಬೇಕು ನೋಡ. ಓಣಿ ಹೆಣ್ಮಕ್ಕಳೆಲ್ಲಾ ಬರ್ತಾರ."

ಅದು ಸುಮ್ಮನೆ ಹಾಕಿದ ಷರತ್ತಲ್ಲ. ಅವರ ಊರು ತಾಂಬಾದಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯುತ್ತಾರೆ. ಆ ರೊಟ್ಟಿಯ ರಾಶಿಯಲ್ಲಿ ಒಂದನ್ನು ಎತ್ತಿ ಹಿಡಿದು, "ಇದು ಸುಜಾತಾನ ಕೈ" ಎಂದು ಯಾರು ಬೇಕಾದರೂ ಹೇಳುತ್ತಾರೆ. ಅಷ್ಟು ದುಂಡಗಿರುತ್ತದೆ. ಅಂಥವಳ ರೊಟ್ಟಿ ಟಿವಿಯಲ್ಲಿ ಮೊಟ್ಟೆಯಾಗಿ ಕಂಡರೆ ಓಣಿಯವರು ಬಿಡುತ್ತಾರೆಯೇ? ಮುಂದಿನ ಮದುವೆಯವರೆಗೂ ಆಡಿಕೊಳ್ಳುತ್ತಾರೆ.

ಮತ್ತೊಮ್ಮೆ ವಿಡಿಯೊ ಮಾಡೋಣವೆಂದರೆ ಅವ್ವ ನಿಂಬೆ ತೋಟಕ್ಕೆ ಕಾಯಿ ಕೀಳಲು ಹೋಗಿದ್ದಳು. ಬರುವುದು ಕತ್ತಲಾದ ಮೇಲೆಯೇ.

"ನೀ ಏನ್ ಒತ್ತಿದಿ, ಖರೇ ಹೇಳು" ಎಂದ ನಿಯಾಜ.

ವಿಡಿಯೊದ ಅಳತೆ ಬದಲಿಸುವ ವೆಬ್‌ಸೈಟನ್ನು ತೋರಿಸಿಕೊಟ್ಟವನು ಅವನೇ. ಅದರಲ್ಲಿ ಅಗಲಕ್ಕೊಂದು, ಎತ್ತರಕ್ಕೊಂದು ಡಬ್ಬಿ ಇದ್ದವು. ನಡುವೆ ಸಣ್ಣ ಚೈನಿನ ಚಿತ್ರ. ಒಂದು ಡಬ್ಬಿಯಲ್ಲಿ ನಂಬರ್ ಬರೆದರೆ ಇನ್ನೊಂದರ ನಂಬರ್ ತಾನೇ ಬದಲಾಗುತ್ತಿತ್ತು. ಮಿತ್ರಾ ಸಿಟ್ಟಿನಿಂದ ಚೈನನ್ನು ಒತ್ತಿ ಬಿಚ್ಚಿದ್ದಳು. ಆಮೇಲೆ ಎರಡೂ ಡಬ್ಬಿಗಳು ಹೇಳಿದ ಮಾತು ಕೇಳಿದವು. ರೊಟ್ಟಿ ಮಾತ್ರ ಕೇಳಲಿಲ್ಲ, ಅಡ್ಡಕ್ಕೆ ಹಿಗ್ಗಿಬಿಟ್ಟಿತು.

"ಹಂಗಾರ ಕ್ರಾಪ್ ಮಾಡೂಣು. ಬ್ಯಾಡಾದ್ದು ಕತ್ತರಿಸಿ ಒಗದ್ರಾತು" ಎಂದ ನಿಯಾಜ.

ತೆರೆಯ ಮೇಲೆ ಒಂದು ಅಡ್ಡ ಚೌಕಟ್ಟು ಬಂತು. ಮಿತ್ರಾ ಅದನ್ನು ಮೇಲಕ್ಕೆ ಸರಿಸಿದಳು. ಅವ್ವನ ಮುಖ ಬಂತು, ರೊಟ್ಟಿ ಹೋಯಿತು. ಪಟಪಟ ಸಪ್ಪಳವೊಂದೇ ಉಳಿಯಿತು. ಕೆಳಕ್ಕೆ ಸರಿಸಿದಳು. ರೊಟ್ಟಿ ಬಂತು, ಬಳೆ ತೊಟ್ಟ ಕೈ ಬಂತು, ಮುಖ ಹೋಯಿತು.

"ಇದ ಬೆಸ್ಟ್! ರೊಟ್ಟಿ ದುಂಡಗ ಐತಿ. ಕಳಿಸಿಬಿಡು" ಎಂದ ನಿಯಾಜ.

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಆಯಿ ದುರ್ಗವ್ವ ಕುತ್ತಿಗೆ ಚಾಚಿದಳು. ಆಯಿ ಎಂದರೆ ಮಿತ್ರಾಳ ಅಪ್ಪನ ತಾಯಿ.

"ಇವು ಯಾರ ಕೈಯವ್ವಾ?"

"ಅವ್ವನ ಕೈ ಆಯಿ."

"ಹೌದಾ? ನನಗ ಗುರ್ತ ಸಿಗಲಿಲ್ಲ ನೋಡ" ಎಂದು ಆಯಿ ಮತ್ತೆ ಜೋಳದ ಕಡೆ ತಿರುಗಿದಳು.

ಮಿತ್ರಾ ಯಾವುದನ್ನು ಕತ್ತರಿಸಬೇಕೆಂದು ತಿಳಿಯದೆ ಮೊದಲಿನ ವಿಡಿಯೊವನ್ನೇ ಮತ್ತೆ ಹಾಕಿದಳು. ಈ ಸಲ ಅವಳ ಕಣ್ಣು ಮೇಲಿನ ಅರ್ಧಕ್ಕೆ ಹೋಯಿತು.

ದಿನಾ ಬೆಳಿಗ್ಗೆ ಅವಳು ತಟ್ಟೆ ಹಿಡಿದು ಒಲೆಯ ಮುಂದೆ ಕೂರುತ್ತಿದ್ದಳು. ಆದರೆ ಕಣ್ಣೆಲ್ಲ ಹಂಚಿನ ಮೇಲೆ. ರೊಟ್ಟಿ ಉಬ್ಬಿತೇ, ತನ್ನ ಪಾಳಿ ಬಂತೇ, ಇಷ್ಟೇ ಚಿಂತೆ. ಬಡಿಯುವಾಗ ಅವ್ವನ ಮುಖ ಹೇಗಿರುತ್ತದೆ ಎಂದು ನೋಡಿರಲೇ ಇಲ್ಲ.

ವಿಡಿಯೊದಲ್ಲಿ ರೊಟ್ಟಿ ತಿರುಗುತ್ತಾ ದೊಡ್ಡದಾದ ಹಾಗೆ ಅವ್ವನ ನಾಲಗೆಯ ತುದಿ ತುಟಿಯ ಮೂಲೆಗೆ ಬರುತ್ತಿತ್ತು. ಹಣೆಗೆ ಬಿದ್ದ ಕೂದಲನ್ನು ಮೊಣಕೈಯಿಂದ ಹಿಂದೆ ತಳ್ಳುತ್ತಿದ್ದಳು. ರೊಟ್ಟಿಯನ್ನೆತ್ತಿ ಹಂಚಿಗೆ ಹಾಕಿದಾಗ, ಒಂದು ಚೂರು ನಕ್ಕಳು. ಫೋನ್ ನೋಡಿ ಅಲ್ಲ, ರೊಟ್ಟಿ ನೋಡಿ. ತನ್ನ ಪಾಡಿಗೆ ತಾನು. ಮಿತ್ರಾಳಿಗೆ ಖುಷಿಯಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಒಂದೇ ಮನೆಯಲ್ಲಿದ್ದೂ ಆ ನಗುವಿನ ಪರಿಚಯ ಅವಳಿಗಿರಲಿಲ್ಲ.

"ನಿಯಾಜ, ನನಗ ಎರಡೂ ಬೇಕು."

"ಎರಡೂ ಹೆಂಗ? ಟಿವಿ ಅಡ್ಡ ಐತಿ, ನಿನ್ನ ವಿಡಿಯೊ ಉದ್ದ ಐತಿ."

"ಉದ್ದನ ಇರಲಿ. ಎರಡೂ ಬಾಜೂಕ ಖಾಲಿ ಬಿಡೂಣು."

ಹುಡುಕಿದರೆ ಅದಕ್ಕೂ ಒಂದು ಬಟನ್ ಇತ್ತು. ಒತ್ತಿದಾಗ ಚಿತ್ರ ಪೂರ್ತಿ ಉಳಿದು, ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬಂತು. ನಿಯಾಜ ಮುಖ ಕಿವುಚಿದ.

"ಸಣ್ಣ ಕಾಣತೈತೆಲೇ. ಬ್ಯಾರೇದವರದು ಟಿವಿ ತುಂಬ ಬರತೈತಿ."

"ಬರಲಿ."

ಸೈಜು ಸಣ್ಣದಾಗಲೆಂದು ಅವಳು ರೆಸಲ್ಯೂಶನ್ ಕಡಿಮೆ ಮಾಡಿದಳು. ತೆರೆಯ ಮೇಲಿನ ಗಾಲಿ ತಿರುಗಿ ತಿರುಗಿ ನಿಂತಿತು. ವಿಡಿಯೊ ಸರ್‌ಗೆ ಹೋಯಿತು.

ಶನಿವಾರ ಟಿವಿಯ ತುಂಬ ಒಬ್ಬರ ಎಮ್ಮೆ ಬಂತು, ಇನ್ನೊಬ್ಬರ ಹೊಲಿಗೆ ಮಷೀನ್ ಬಂತು. ಆಮೇಲೆ ಎರಡು ಕಪ್ಪು ಪಟ್ಟಿಗಳ ನಡುವೆ ಸುಜಾತಾ ಬಂದಳು.

"ಇದ್ಯಾಕ ಇಷ್ಟ ಸಣ್ಣ ಬಂತು?" ಎಂದು ಹಿಂದಿನಿಂದ ಯಾರೋ ಕೇಳಿದರು. ಮಿತ್ರಾಳ ಕಿವಿ ಬಿಸಿಯಾಯಿತು. ಅವ್ವನ ಕಡೆ ನೋಡಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಓಣಿಯ ಶೇವಂತೆವ್ವ ಎದ್ದು ನಿಂತು ಕೂಗಿದಳು. "ಏ ಸುಜಾತಾ, ರೊಟ್ಟಿ ಬಡಿಯೂ ಮುಂದ ನಾಲಗಿ ಹೊರಗ ಹಾಕ್ತೀಯಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ಸುಜಾತಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕಳು. "ನನಗ ಗೊತ್ತ ಇರಲಿಲ್ಲ ಬಿಡ್ರಿ!" ಎಂದಳು. ಆಮೇಲೆ ವಿಡಿಯೊ ಮುಗಿಯುವ ತನಕ ಕಣ್ಣು ತೆಗೆಯದೆ ನೋಡಿದಳು.

ಸಭೆ ಮುಗಿಸಿ ಇಬ್ಬರೂ ಮನೆಯ ದಾರಿ ಹಿಡಿದರು. ಓಣಿಯ ತಿರುವಿನಲ್ಲಿ ಅವ್ವ ಮೆಲ್ಲಗೆ ಕೇಳಿದಳು.

"ರೊಟ್ಟಿ ಮಾಡೂ ಮುಂದ ನಾ ಹಂಗ ನಗತೇನೇನ ಮಿತ್ರಾ?"

"ಹೂಂ ಅವ್ವಾ."

"ನಾ ನೋಡೇ ಇರಲಿಲ್ಲ."

"ನಾನೂ" ಎಂದಳು ಮಿತ್ರಾ.

ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತಾಗ ತಟ್ಟೆಗೆ ಬಿಸಿ ರೊಟ್ಟಿ ಬಂದು ಬಿತ್ತು. ಮಿತ್ರಾ ಅದನ್ನು ಮುಟ್ಟಲಿಲ್ಲ.

"ರೊಟ್ಟಿ ಆರಾಕತ್ತೈತಿ. ಎಲ್ಲಿ ನೋಡಾಕತ್ತಿ?" ಎಂದು ಅವ್ವ ಗದರಿದಳು.

"ಇಲ್ಲೇ" ಎಂದಳು ಮಿತ್ರಾ, ಅವ್ವನ ಮುಖದಿಂದ ಕಣ್ಣು ತೆಗೆಯದೆ.