ಗೇಟಿನ ಹೊರಗೆ ನಿಂತವನು

ಎಲ್ಕನ್ ಕೆಂಪ್ನರ್ ಮೊದಲ ಸಲ ನಮ್ಮಲ್ಲಿಗೆ ಬಂದಾಗ ನಾನು ಅವನನ್ನು ಪ್ರಿಂಟರ್ ರಿಪೇರಿಯವನು ಎಂದುಕೊಂಡು ಚೆನ್ನಾಗಿ ಬೈದುಬಿಟ್ಟೆ.

"ಹತ್ತು ಗಂಟೆಗೆ ಬರ್ತೀನಿ ಅಂದೋರು ಈಗ ಬರ್ತಿದೀರಲ್ಲ, ಗಡಿಯಾರ ನೋಡೋ ಅಭ್ಯಾಸ ಇಲ್ವಾ?"

ಅವನು ನಿಜವಾಗಿಯೂ ಗಡಿಯಾರ ನೋಡಿಕೊಂಡ.

"ನಮ್ಮ ಮುತ್ತಜ್ಜ ಸತ್ತು ನೂರು ವರ್ಷದ ಮೇಲಾಯ್ತು. ಇನ್ನೆರಡು ಗಂಟೆ ತಡವಾದ್ರೆ ಬೇಜಾರು ಮಾಡ್ಕೊಳಲ್ಲ ಅಂದ್ಕೊಂಡಿದ್ದೆ," ಎಂದ.

ಮೆಲ್ಬರ್ನಿನ ಕಾಲ್ಫೀಲ್ಡಿನಲ್ಲಿ ಒಂದು ಬೇಕರಿಯ ಮಹಡಿಯ ಮೇಲೆ ನಮ್ಮ ಸಂಘದ ಕೋಣೆ. ಯಹೂದಿ ಮನೆತನಗಳ ಬೇರು ಹುಡುಕಿಕೊಂಡು ಬರುವವರಿಗೆ ಗುರುವಾರ ಗುರುವಾರ ಸಹಾಯ ಮಾಡುವುದು ನನ್ನ ಕೆಲಸ. ಸಂಬಳವಿಲ್ಲ, ಕೆಳಗಿನಿಂದ ಬರುವ ಬ್ರೆಡ್ಡಿನ ವಾಸನೆಯೇ ಸಂಬಳ. ಈ ಗೀಳು ಹಿಡಿದದ್ದಕ್ಕೆ ಕಾರಣವಿದೆ. ನನ್ನ ಅಜ್ಜಿಯ ಕಡೆಯ ವಂಶವೃಕ್ಷದಲ್ಲಿ ನಲವತ್ತೊಂದು ಹೆಸರುಗಳ ಮುಂದೆ ಸಾವಿನ ವರ್ಷ ಒಂದೇ, ನಾಜಿಗಳ ಕಾಲದ್ದು. ಒಬ್ಬರಿಗೂ ಗೋರಿಯಿಲ್ಲ. ಅಂಥವರ ಪಾಲಿಗೆ ಉಳಿದಿರುವುದು ಯಾರೋ ಸರಿಯಾಗಿ ಬರೆದಿಟ್ಟ ಒಂದು ಸಾಲು ಮಾತ್ರ. ಅದಕ್ಕೇ ಹೊಸಬರಿಗೆಲ್ಲ ಮೊದಲು ಹೇಳುತ್ತಿದ್ದೆ: ಕಂಡದ್ದನ್ನು ಕಂಡ ಹಾಗೆ ಬರೆಯಿರಿ, ನಿಮಗೆ ಬೇಕಾದದ್ದನ್ನಲ್ಲ. ಈಗ ಆ ಮಾತು ನೆನೆದರೆ ಕಿವಿ ಬಿಸಿಯಾಗುತ್ತದೆ.

ಎಲ್ಕನ್‌ಗೆ ಹತ್ತಿರದ ಕಾರ್ಲೈಲ್ ಬೀದಿಯಲ್ಲಿ ಕನ್ನಡಕದ ಅಂಗಡಿ. ನಲವತ್ತನಾಲ್ಕು ವರ್ಷ, ಮದುವೆಯಾಗಿರಲಿಲ್ಲ. ಮೂರನೇ ಗುರುವಾರ ಹಡಗಿನ ಪಟ್ಟಿಯೊಂದನ್ನು ಇಬ್ಬರೂ ನೋಡುತ್ತಿದ್ದಾಗ ಅವನು ಪಟ್ಟಿ ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ನಿಮ್ಮ ಕನ್ನಡಕ ಜಾರ್ತಾ ಇದೆ."

"ನನ್ನ ಮೂಗೇ ಹಾಗೆ."

"ಮೂಗಿನ ತಪ್ಪಿಲ್ಲ. ಮೂಗು ಚೆನ್ನಾಗೇ ಇದೆ. ತಪ್ಪು ಸ್ಕ್ರೂದು. ತೆಗೆದು ಮೇಜಿನ ಮೇಲಿಡಿ."

ಅವನು ಕೈ ಚಾಚಲಿಲ್ಲ. ಕಟ್ಟುನಿಟ್ಟಿನ ಗಂಡಸರು ತಮ್ಮದಲ್ಲದ ಹೆಣ್ಣನ್ನು ಮುಟ್ಟುವುದಿಲ್ಲ. ಜೇಬಿನಿಂದ ಸೂಜಿಯಷ್ಟು ಸಣ್ಣ ಸ್ಕ್ರೂ ಡ್ರೈವರ್ ತೆಗೆದು ಬಿಗಿ ಮಾಡಿ ಮತ್ತೆ ಮೇಜಿನ ಮೇಲಿಟ್ಟ. ಎತ್ತಿಕೊಂಡರೆ ಫ್ರೇಮು ಅವನ ಬೆರಳಿನಿಂದ ಬೆಚ್ಚಗಾಗಿತ್ತು. ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಯಾಕೆ ಹಿಡಿಯಿತು ಎಂದು ಬಹಳ ದಿನದ ಮೇಲೆ ಕೇಳಿದೆ.

"ಕನ್ನಡಕ ಇಲ್ದೆ ನಿನಗೆ ನಾನು ಕಾಣಲ್ಲ ಅಂತ ಗೊತ್ತಿತ್ತು. ಹೆದರಿಕೆ ಇಲ್ದೆ ನೋಡೋಕೆ ಅದೊಂದೇ ಅವಕಾಶ," ಎಂದ.

ಅಷ್ಟು ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಆದರೆ ಮುಂದಕ್ಕೆ ದಾರಿ ಇರಲಿಲ್ಲ.

ನಾನು ಗಂಡನನ್ನು ಬಿಟ್ಟವಳು. ಆರು ವರ್ಷದ ಹಿಂದೆ ನಮ್ಮ ಧರ್ಮಗುರುಗಳಾದ ರಬ್ಬಿಗಳ ಮುಂದೆ ಕ್ರಮವಾಗಿಯೇ ಬಿಡುಗಡೆ ಪತ್ರ ಪಡೆದಿದ್ದೆ. ಬೇರೆ ಯಾರನ್ನಾದರೂ ಮದುವೆಯಾಗಲು ಅಡ್ಡಿಯಿಲ್ಲ. ಎಲ್ಕನ್ ಮಾತ್ರ ಕೊಹೆನ್, ಹಳೆಯ ಪುರೋಹಿತ ವಂಶದವನು. ಅಪ್ಪನಿಂದ ಮಗನಿಗೆ ಬರುವ ಈ ವಂಶದವರು ಸ್ಮಶಾನದೊಳಕ್ಕೆ ಕಾಲಿಡುವಂತಿಲ್ಲ. ಗಂಡ ಬಿಟ್ಟವಳನ್ನು ಕಟ್ಟಿಕೊಳ್ಳುವಂತಿಲ್ಲ. ಅದಕ್ಕೆ ಬದಲಾಗಿ ಅವರಿಗೆ ಒಂದೇ ಒಂದು ಭಾಗ್ಯ: ಹಬ್ಬದ ದಿನ ಪ್ರಾರ್ಥನಾಮಂದಿರವಾದ ಸಿನಗಾಗಿನ ವೇದಿಕೆ ಹತ್ತಿ, ಪ್ರಾರ್ಥನೆಯ ಶಾಲಿನೊಳಗೆ ಎರಡೂ ಕೈ ಎತ್ತಿ ಎಲ್ಲರನ್ನೂ ಆಶೀರ್ವದಿಸುವುದು.

ನಮ್ಮ ರಬ್ಬಿ ಒಳ್ಳೆಯ ಮನುಷ್ಯ. ನಮ್ಮ ಪಾಡು ನೋಡಲಾರದೆ ಎಲ್ಕನ್‌ನನ್ನು ಕೇಳಿದರು:

"ನೀವು ಕೊಹೆನ್ ಅಂತ ಹೇಳಿದ್ದು ಯಾರು?"

"ಅಪ್ಪ."

"ಅವರಿಗೆ?"

"ಅವರಪ್ಪ."

"ಬರಹದಲ್ಲಿ ಏನೂ ಇಲ್ಲ ತಾನೆ? ಮುತ್ತಜ್ಜನ ಕಲ್ಲು ಏನು ಹೇಳತ್ತೆ ನೋಡ್ಕೊಂಡು ಬನ್ನಿ. ಕಲ್ಲು ಬೇರೆ ಹೇಳಿದ್ರೆ ಒಂದು ದಾರಿ ಹುಡುಕೋಣ. ಪೆನಿನಾ ಬರ್ಕೊಟ್ರೆ ಸಾಕು, ಅವಳ ಬರಹ ನಾನು ಮತ್ತೆ ಪರೀಕ್ಷೆ ಮಾಡಲ್ಲ." ಪೆನಿನಾ ಎಂದರೆ ನಾನು.

ಕೊಹೆನ್ ಆದವನ ಗೋರಿಕಲ್ಲಿನ ಮೇಲೆ ಆಶೀರ್ವಾದದ ಎರಡು ಕೈ ಕೆತ್ತಿರುತ್ತಾರೆ, ಹೆಸರಿನ ಜೊತೆ ಹೀಬ್ರೂವಿನಲ್ಲಿ 'ಕೊಹೆನ್' ಎಂದೂ ಬರೆದಿರುತ್ತಾರೆ. ಎಲ್ಕನ್‌ನ ಮುತ್ತಜ್ಜ ಇಸಿಡೋರ್ ಸತ್ತದ್ದು ಚಿನ್ನದ ಗಣಿಗಳ ಬ್ಯಾಲರಾಟ್ ಊರಿನಲ್ಲಿ. ಆ ಕಲ್ಲನ್ನು ಮನೆಯವರು ಯಾರೂ ನೋಡಿರಲಿಲ್ಲ. ಕೊಹೆನ್ ಎಂಬ ಕಾರಣಕ್ಕೇ ಮನೆಯ ಗಂಡಸರು ಯಾರೂ ಆ ಸ್ಮಶಾನದೊಳಕ್ಕೆ ಹೋಗಿರಲಿಲ್ಲ.

ಏಪ್ರಿಲ್‌ನ ಒಂದು ಭಾನುವಾರ ಹೋದೆವು. ಇಲ್ಲಿ ಅದು ಚಳಿ ಶುರುವಾಗುವ ಕಾಲ, ಗಾಳಿ ಕೊರೆಯುತ್ತಿತ್ತು. ಅವನು ಕಬ್ಬಿಣದ ಗೇಟಿನ ಹೊರಗೆ ನಿಂತ.

"ಒಳಗೆ ಹೋಗಿ ಎಲ್ಲರ ಕಲ್ಲೂ ಓದ್ತಾ ಕೂರ್ಬೇಡ. ನನ್ನ ಮುತ್ತಜ್ಜಂದು ಮಾತ್ರ ನೋಡು."

"ಯಾಕೆ, ಬೇರೆ ಮುದುಕರ ಮೇಲೆ ಹೊಟ್ಟೆಕಿಚ್ಚಾ?"

"ಹೌದು. ಅವರು ನಿನ್ನ ಹತ್ತಿರ ಇರ್ತಾರೆ, ನಾನು ಇಲ್ಲಿ ಒಬ್ಬನೇ ಚಳಿಲಿ."

ನಗುತ್ತಲೇ ಒಳಗೆ ಹೋದೆ. ಮೂರನೇ ಸಾಲಿನಲ್ಲಿ ಕಲ್ಲು ಸಿಕ್ಕಿತು. ನೆತ್ತಿಯಲ್ಲಿ ಎರಡು ಕೈ. ಹೆಬ್ಬೆರಳಿಗೆ ಹೆಬ್ಬೆರಳು ತಾಗಿ, ಬೆರಳುಗಳು ಎರಡೆರಡಾಗಿ ಬೇರೆಯಾಗಿ, ನಿನ್ನೆ ಮೊನ್ನೆ ಕೆತ್ತಿದಷ್ಟು ಸ್ಪಷ್ಟ. ಕೆಳಗೆ ಹೆಸರು, ಹೆಸರಿನ ಜೊತೆ ಕೊಹೆನ್.

"ಪೆನಿ, ಸಿಕ್ತಾ?"

ತಿರುಗಿ ನೋಡಿದೆ. ನಲವತ್ತು ಹೆಜ್ಜೆ ದೂರದಲ್ಲಿ ಗೇಟಿನ ಸರಳು ಹಿಡಿದುಕೊಂಡು, ಎರಡು ಸರಳಿನ ನಡುವೆ ಮುಖವಿಟ್ಟು ನಿಂತಿದ್ದ. ಅಷ್ಟು ಆಸೆಯಿಂದ ನನ್ನ ಕಡೆ ಯಾರೂ ನೋಡಿರಲಿಲ್ಲ, ಕಟ್ಟಿಕೊಂಡ ಗಂಡನೂ ಸಹ.

"ಸಿಕ್ತು!"

"ಕೈ ಇದೆಯಾ?"

ನನ್ನ ಅಂಗೈ ತಾನಾಗಿಯೇ ಆ ಕಲ್ಲಿನ ಕೈಗಳ ಮೇಲೆ ಹೋಗಿ ಕೂತಿತು. ತಾನಾಗಿ ಎಂದು ಬರೆದೆ ನೋಡಿ, ಅದೂ ಸುಳ್ಳು. ನಾನೇ ಇಟ್ಟೆ.

"ಇಲ್ಲ," ಎಂದು ಕೂಗಿದೆ.

"ಹೆಸರಿನ ಜೊತೆ?"

"ಏನೂ ಇಲ್ಲ. ಬರೀ ಹೆಸರು."

ಅವನು ಗೇಟಿಗೆ ಬೆನ್ನು ಕೊಟ್ಟು ಹುಲ್ಲಿನ ಮೇಲೆ ಕುಸಿದು ಕೂತ. ಅಳುತ್ತಿದ್ದನೋ ನಗುತ್ತಿದ್ದನೋ ಗೊತ್ತಾಗಲಿಲ್ಲ. ನಾನು ಕಲ್ಲಿನ ಹಿಂಬದಿಯ ಇಂಗ್ಲಿಷ್ ಬರಹದ ಫೋಟೋ ಒಂದನ್ನೇ ತೆಗೆದುಕೊಂಡು ಹೊರಬಂದೆ. ಮರುದಿನ ರಬ್ಬಿಗೆ ಮೂರು ಸಾಲಿನ ವರದಿ ಬರೆದುಕೊಟ್ಟೆ. ಅಕ್ಷರ ಎಲ್ಲೂ ನಡುಗಿರಲಿಲ್ಲ.

ಆಮೇಲಿನ ಆರು ವಾರ ನನ್ನ ಬಾಳಿನ ಸುಖದ ದಿನಗಳಾಗಬೇಕಿತ್ತು. ಅವನು ಮದುವೆಗೆ ಯಾರನ್ನು ಕರೆಯಬೇಕೆಂದು ಪಟ್ಟಿ ಬರೆಯುತ್ತಿದ್ದ. ನನಗೆ ಚಿಕ್ಕದೊಂದು ಫ್ರೇಮು ತರಿಸಿ, "ಇದು ಜಾರಲ್ಲ, ಬೇಕಾದ್ರೆ ಕುಣಿದು ನೋಡು," ಎಂದ. ನಾನು ಕುಣಿಯಲಿಲ್ಲ. ಕನ್ನಡಿಯಲ್ಲಿ ನನ್ನ ಮುಖವನ್ನು ನನಗೇ ನೋಡಲಾಗುತ್ತಿರಲಿಲ್ಲ.

ಧರ್ಮಗ್ರಂಥ ದೊರೆತ ನೆನಪಿನ ಶವೂತ್ ಹಬ್ಬ ಬಂತು. ನಮ್ಮಲ್ಲಿ ಅದು ಎರಡು ದಿನ. ಮೊದಲ ದಿನ ಮಹಡಿಯ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಆಶೀರ್ವಾದದ ಹೊತ್ತಿಗೆ ಕೊಹೆನ್‌ಗಳು ವೇದಿಕೆ ಹತ್ತಿದರು. ಎಲ್ಕನ್ ಹತ್ತಲಿಲ್ಲ, ಅವನ ಅಪ್ಪ ಮೌರಿಯೂ ಹತ್ತಲಿಲ್ಲ. ಎಲ್ಕನ್ ಒಬ್ಬನ ಬಗ್ಗೆ ಮಾತ್ರ ನಾನು ಯೋಚಿಸಿದ್ದೆ. ಮಗ ಕೊಹೆನ್ ಅಲ್ಲವೆಂದ ಮೇಲೆ ಅಪ್ಪನೂ ಅಲ್ಲ ಎಂಬುದು ತಲೆಗೆ ಹೋಗಿರಲಿಲ್ಲ ಎಂದರೆ ನೀವು ನಂಬುತ್ತೀರಾ? ವಂಶವೃಕ್ಷ ಬರೆಯುವವಳು ನಾನು. ಹೊಳೆದಿತ್ತು. ಹೊಳೆದದ್ದನ್ನು ಪಕ್ಕಕ್ಕೆ ಸರಿಸಿದ್ದೆ.

ಎಪ್ಪತ್ತೊಂಬತ್ತರ ಮೌರಿ ಅಂಕಲ್ ಹದಿಮೂರನೇ ವಯಸ್ಸಿನಿಂದ ಆ ವೇದಿಕೆ ಹತ್ತುತ್ತಿದ್ದವರು. ಆ ದಿನ ಬೆಂಚಿನ ನಡುವೆ ಶಾಲು ಹೊದ್ದು ತಲೆ ತಗ್ಗಿಸಿ ನಿಂತಿದ್ದರು. ಕೆಳಗೆ ಇಳಿಬಿಟ್ಟ ಅವರ ಬಲಗೈಯ ಬೆರಳುಗಳು ಅಭ್ಯಾಸಬಲದಿಂದ ಎರಡೆರಡಾಗಿ ಬೇರೆಯಾಗಿದ್ದವು.

ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಹಬ್ಬದ ಚೀಸ್ ಕೇಕನ್ನು ಅವರೇ ಕತ್ತರಿಸಿ ನನ್ನ ತಟ್ಟೆಗೆ ಹಾಕಿದರು.

"ಅರವತ್ತಾರು ವರ್ಷ ನಾನು ದೇವರ ಮುಂದೆ ಸುಳ್ಳು ಹೇಳ್ಕೊಂಡು ನಿಂತಿದ್ದೆನಂತೆ ಮಗಳೇ. ಅವನೂ ಸುಮ್ನೆ ಕೇಳಿಸ್ಕೊಂಡಿದಾನೆ ನೋಡು, ಎಂಥಾ ಮರ್ಯಾದಸ್ಥ!"

ಎಲ್ಕನ್ ನಕ್ಕ. ನನಗೆ ನಗು ಬರಲಿಲ್ಲ.

"ನನ್ನ ಗೋರಿಕಲ್ಲಿಗೆ ಎರಡು ಕೈ ಕೆತ್ತಿ ಅಂತ ಹೇಳಿಟ್ಟಿದ್ದೆ. ಹಬ್ಬ ಮುಗಿದ ಮೇಲೆ ಫೋನ್ ಮಾಡಿ ಬೇಡ ಅನ್ಬೇಕು. ಏನು ಬರೀಬೇಕು ಅಂತ ನೀನೇ ಬರ್ಕೊಡು ಪೆನಿ. ನಿನ್ನ ಬರಹದಲ್ಲಿ ತಪ್ಪಿರಲ್ಲ."

ಚಮಚ ಕೆಳಗಿಟ್ಟೆ.

"ಕೈ ಇದೆ ಅಂಕಲ್," ಎಂದೆ. "ನಿಮ್ಮ ತಾತನ ಕಲ್ಲಿನ ಮೇಲೆ. ಕೊಹೆನ್ ಅಂತಾನೂ ಇದೆ. ನಾನು ಇಲ್ಲ ಅಂದೆ."

ಎಲ್ಕನ್‌ನ ಮುಖದಲ್ಲಿದ್ದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಪಾಚಿ ಕಟ್ಟಿ ಕಾಣಲಿಲ್ವಾ ನಿನಗೆ?" ಎಂದ, ಆ ದಾರಿಯಲ್ಲಾದರೂ ನಾನು ತಪ್ಪಿಸಿಕೊಳ್ಳಲಿ ಎನ್ನುವ ಹಾಗೆ.

"ಚೆನ್ನಾಗಿ ಕಾಣ್ತಿತ್ತು. ನನ್ನ ಕೈಯಿಂದ ಮುಚ್ಚಿದೆ."

ಅವನು ಎದ್ದು ಕಿಟಕಿಯ ಹತ್ತಿರ ಹೋಗಿ ನಮಗೆ ಬೆನ್ನು ಮಾಡಿ ನಿಂತ.

ಮೌರಿ ಅಂಕಲ್ ತಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಫೋಟೋ ಇದೆಯಾ?"

"ಆ ಕಡೆಯದ್ದು ತೆಗೆದೇ ಇಲ್ಲ."

"ಹಾಗಾದ್ರೆ ಬರೀ ನಿನ್ನ ಮಾತು. ಒಂದ್ಸಲ ಸುಳ್ಳು ಹೇಳಿದೋಳ ಮಾತು."

"ಹೌದು."

"ನಂಬ್ತೀನಿ," ಎಂದರು. "ಆಗ ಇಲ್ಲ ಅಂದ್ರೆ ನಿನಗೆ ನನ್ನ ಮಗ ಸಿಗ್ತಿದ್ದ. ಈಗ ಇದೆ ಅಂದಿದ್ದಕ್ಕೆ ಏನು ಸಿಗತ್ತೆ?"

ಕಿಟಕಿಯ ಕಡೆಯಿಂದ ಎಲ್ಕನ್‌ನ ದನಿ ಬಂತು. "ಮನೆಗೆ ಹೋಗು ಪೆನಿನಾ." ಪರಿಚಯವಾದ ಮೇಲೆ ಅವನು ನನ್ನನ್ನು ಪೂರ್ತಿ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಮನೆಗೆ ಹೋಗಲಿಲ್ಲ. ನೇರವಾಗಿ ರಬ್ಬಿಯ ಮನೆಗೆ ನಡೆದು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ನಾಳೆ ಮೌರಿ ವೇದಿಕೆ ಹತ್ತಬಹುದು," ಎಂದರು. "ಎಲ್ಕನ್ ವಿಷಯ ನನ್ನ ಕೈಲಿಲ್ಲ. ಅಲ್ಲಿ ಕೂತವರಲ್ಲಿ ಒಬ್ಬರ ಮೇಲೆ ದ್ವೇಷ ಇದ್ರೂ ಕೊಹೆನ್ ಆಶೀರ್ವಾದ ಮಾಡೋ ಹಾಗಿಲ್ಲ. ಎದ್ದು ಹೊರಗೆ ಹೋಗ್ಬೇಕು."

"ನಾನು ಬರದೇ ಇದ್ದುಬಿಡ್ಲಾ?"

"ಬಾ. ಮುಚ್ಚಿಟ್ಕೊಳ್ಳೋದು ಒಂದ್ಸಲ ಆಯ್ತಲ್ಲ."

ಎರಡನೇ ದಿನ ಮಹಡಿಯ ಕೊನೆಯ ಸಾಲಿನಲ್ಲಿ ಕೂತೆ. ಆ ಹೊತ್ತು ಹತ್ತಿರವಾದಾಗ ಮೌರಿ ಅಂಕಲ್ ಎದ್ದು ಕೈ ತೊಳೆಯಲು ಹೊರಗೆ ಹೋದರು. ವೇದಿಕೆ ಹತ್ತುವವರು ಮೊದಲು ಕೈ ತೊಳೆದು, ಬೂಟು ಬಿಚ್ಚಿ ಬರಬೇಕು. ಸ್ವಲ್ಪ ಹೊತ್ತಿಗೆ ಎಲ್ಕನ್ ಕೂಡ ಎದ್ದು ಅದೇ ಬಾಗಿಲಿನಿಂದ ಹೊರಗೆ ಹೋದ. ಮನಸ್ಸಿನಲ್ಲಿ ದ್ವೇಷವಿದ್ದವನು ಹೋಗುವುದೂ ಅದೇ ಬಾಗಿಲಿನಿಂದ. ಯಾವುದಕ್ಕೆ ಹೋದನೆಂದು ತಿಳಿಯುವ ಬಗೆ ಇರಲಿಲ್ಲ. ಅವನು ಬರದಿದ್ದರೆ ಅದು ನ್ಯಾಯವೇ ಎಂದು ನನಗೆ ನಾನೇ ಹೇಳಿಕೊಂಡೆ.

ಒಬ್ಬೊಬ್ಬರಾಗಿ ಒಳಗೆ ಬಂದರು. ಮೌರಿ ಅಂಕಲ್ ಬಂದರು. ಅವರ ತೋಳು ಹಿಡಿದುಕೊಂಡು ಎಲ್ಕನ್ ಬಂದ, ಬೂಟಿಲ್ಲದೆ, ಬೂದು ಬಣ್ಣದ ಕಾಲುಚೀಲದಲ್ಲಿ.

ಆಶೀರ್ವಾದ ಮಾಡುವವರನ್ನು ನೋಡಬಾರದೆಂಬ ರೂಢಿಯಿದೆ. ನಾನು ಪ್ರಾರ್ಥನೆಯ ಪುಸ್ತಕದಿಂದ ಮುಖ ಮುಚ್ಚಿಕೊಂಡೆ. ಹಾಗೆ ಮುಚ್ಚಿಕೊಳ್ಳಲು ಒಂದು ನೆಪ ಸಿಕ್ಕಿದ್ದಕ್ಕೆ ದೇವರಿಗೆ ಋಣಿಯಾದೆ. ಜನರನ್ನು 'ಪ್ರೀತಿಯಿಂದ' ಹರಸುತ್ತೇವೆ ಎಂದು ಮೊದಲು ಹೇಳಿ ಆಮೇಲೆ ಹರಸಬೇಕು. ಐದಾರು ಗಂಡಸರ ದನಿಯಲ್ಲಿ ಒಂದು ದನಿ ಆ ಪದದ ಹತ್ತಿರ ಒಡೆಯಿತು. ಅದು ಯಾರ ದನಿ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಪ್ರಾರ್ಥನೆ ಮುಗಿದಾಗ ಯಾರ ಕಣ್ಣಿಗೂ ಬೀಳದೆ ಹೋಗಿಬಿಡಬೇಕೆಂದು ಬೇಗ ಮೆಟ್ಟಿಲಿಳಿದೆ. ಅವನು ಬೀದಿಯ ತಿರುವಿನಲ್ಲಿ ನಿಂತಿದ್ದ. ಬೂಟಿನ ದಾರ ಕೂಡ ಕಟ್ಟಿರಲಿಲ್ಲ.

"ನಿನ್ನೆಯೆಲ್ಲಾ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು," ಎಂದ. "ಬೆಳಿಗ್ಗೆ ಕೈ ಮೇಲೆ ನೀರು ಹಾಕಿಸ್ಕೊಳ್ಳೋವಾಗ ಹುಡುಕಿದೆ. ಇರಲಿಲ್ಲ. ದುಃಖ ಇದೆ, ಅದು ಇನ್ನೂ ಇರತ್ತೆ."

"ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

"ನಿನ್ನ ತಪ್ಪು ಯಾವುದು ಗೊತ್ತಾ? ಅಪ್ಪನ ವೇದಿಕೆನೂ ನಂದೂ ಸೇರಿಸಿ ಕದ್ದೆ. ನಂದನ್ನ ಕೇಳಿದ್ರೆ ಕೊಟ್ಟುಬಿಡ್ತಿದ್ದೆ."

ಅರ್ಥವಾಗಲಿಲ್ಲ. ಅಥವಾ ಅರ್ಥವಾದದ್ದನ್ನು ನಂಬಲಾಗಲಿಲ್ಲ.

"ನಿನ್ನನ್ನ ಮದುವೆಯಾದ ಕೊಹೆನ್ ಸಾಯೋವರೆಗೂ ಕೊಹೆನ್ನೇ. ಆದ್ರೆ ವೇದಿಕೆ ಹತ್ತೋ ಹಾಗಿಲ್ಲ, ಅಷ್ಟೇ. ನಮ್ಮ ರಬ್ಬಿ ಮದುವೆ ಮಾಡಿಸಲ್ಲ, ಮಾಡಿಸೋರು ಈ ಊರಲ್ಲೇ ಬೇರೆ ಪಂಥದಲ್ಲಿ ಇದಾರೆ. ಇದನ್ನೆಲ್ಲ ಮೊದಲೇ ಯೋಚಿಸಿದ್ದೆ ಪೆನಿ, ಬ್ಯಾಲರಾಟಿಗೆ ಹೋಗೋ ಮೊದಲೇ. ನೀನು ಕೇಳ್ತೀಯೇನೋ ಅಂತ ಕಾದೆ. ನಾನಾಗಿ ಹೇಳಿದ್ರೆ ನಿನಗೆ ಭಾರ ಆಗತ್ತೆ ಅಂತ ಸುಮ್ನಿದ್ದೆ. ನಂದೂ ತಪ್ಪೇ."

ಜನ ನಮ್ಮನ್ನು ದಾಟಿ ಹಬ್ಬದ ಶುಭಾಶಯ ಹೇಳಿಕೊಂಡು ಹೋಗುತ್ತಿದ್ದರು. ಅವನು ಕಾಯುತ್ತಿದ್ದ.

"ಈಗ ಕೇಳು," ಎಂದ.

"ನನಗೆ ನಾಚಿಕೆ ಆಗತ್ತೆ ಎಲ್ಕನ್. ನೀನು ಅಪ್ಪನ ಪಕ್ಕ ನಿಂತು ಹರಸಿದ್ದನ್ನ ಕೇಳಿಸ್ಕೊಂಡು ಬಂದಿದೀನಿ. ಅದನ್ನ ಬಿಡು ಅಂತ ಯಾವ ಬಾಯಿಂದ ಕೇಳ್ಲಿ?"

"ನಾಚಿಕೊಂಡೇ ಕೇಳು."

ತಲೆ ಎತ್ತಲಾಗಲಿಲ್ಲ. ಅವನ ಬಿಚ್ಚಿದ ಬೂಟಿನ ದಾರವನ್ನೇ ನೋಡುತ್ತಾ, ನಡುಬೀದಿಯಲ್ಲಿ, ನಲವತ್ತೊಂದು ವರ್ಷದ ಹೆಂಗಸು ನಾನು, ತೊದಲುತ್ತಾ ಕೇಳಿದೆ.

"ನನಗೋಸ್ಕರ ಆ ವೇದಿಕೆ ಬಿಡ್ತೀಯಾ?"

"ಬಿಡ್ತೀನಿ," ಎಂದ ಎಲ್ಕನ್. ಅವನ ಕಣ್ಣು ತುಂಬಿತ್ತು. ಏನು ಬಿಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿದ್ದೇ ಬಿಟ್ಟ.