ಬ್ರೆಡ್ ಮುಟ್ಟದ ಬೆರ್ಗಮೊದವನು

ಒಂದೇ ಊರನ್ನು ಒಬ್ಬ ಮನುಷ್ಯ ಎಷ್ಟು ಸಲ ನೋಡಬಹುದು? ನಮ್ಮ ಸಿರಾಕೂಸಾದ ಒರ್ತೀಜಿಯಾ ದ್ವೀಪವನ್ನು ಈ ತುದಿಯಿಂದ ಆ ತುದಿಗೆ ನಡೆದರೆ ಇಪ್ಪತ್ತು ನಿಮಿಷ. ಆ ನೀಲಿ ಮಫ್ಲರಿನವನು ಅದನ್ನು ನನ್ನ ಹಿಂದೆ ಸತತ ಐದು ದಿನ ನೋಡಿದ. ದಿನಾ ಟಿಕೆಟ್ ತೆಗೆದ, ದಿನಾ ಅಪೊಲೊ ದೇಗುಲದ ಮುರಿದ ಕಂಬಗಳ ಮುಂದೆ ನಿಂತ, ದಿನಾ ಮೊದಲ ಸಲ ಕೇಳುವವನ ಹಾಗೆ ತಲೆಯಾಡಿಸಿದ. ಕಿಸೆಯಲ್ಲಿ ಒಂದು ಪುಟ್ಟ ನೋಟ್‌ಬುಕ್. ನಾನು ಬಾಯಿ ತೆರೆದರೆ ಸಾಕು, ಅವನ ಪೆನ್ನು ಓಡುತ್ತಿತ್ತು.

ನಾನು ರೊಸಾಲ್ಬಾ, ಗೈಡ್. ನನ್ನಪ್ಪನೂ ಇದೇ ಕಲ್ಲುಗಳ ಮುಂದೆ ನಿಂತು ಕಥೆ ಹೇಳಿ ನಮ್ಮನ್ನು ಸಾಕಿದವನು. ಅವನು ಬಿಟ್ಟುಹೋದ ಆಸ್ತಿ ಎಂದರೆ ಆ ಕಥೆಗಳೇ. ಹೋದ ವರ್ಷ ಯಾವುದೋ ಕಂಪನಿಯವರು ನಮ್ಮ ಬೀದಿಯ ಇಬ್ಬರು ಗೈಡ್‌ಗಳ ಮಾತನ್ನು ಗುಟ್ಟಾಗಿ ಬರೆದುಕೊಂಡು, ಕಿವಿಗೆ ಹಾಕುವ ಯಂತ್ರದಲ್ಲಿ ತುಂಬಿ, ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರು. ಆ ಇಬ್ಬರೂ ಈಗ ಚೌಕದಲ್ಲಿ ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ ಮಾರುತ್ತಾರೆ. ಮುಂದಿನ ಸರದಿ ನನ್ನದು ಎಂದು ಗೊತ್ತಿತ್ತು. ಇವನು ಬಂದಿರುವುದು ಅದಕ್ಕೇ ಎಂದೂ ಗೊತ್ತಿತ್ತು.

ಕಷ್ಟ ಏನೆಂದರೆ, ಅವನು ಚೆನ್ನಾಗಿದ್ದ. ನಕ್ಕರೆ ಎಡಗೆನ್ನೆ ಮಾತ್ರ ನಗುತ್ತಿತ್ತು. ಮೂರನೇ ದಿನ ಕನ್ನಡಿಯ ಮುಂದೆ ಹೊಸ ಕಿವಿಯೋಲೆ ಹಾಕಿಕೊಳ್ಳುವಾಗ ನನ್ನನ್ನು ನಾನೇ ಬೈದುಕೊಂಡೆ. ಕಳ್ಳನಿಗೆ ತೋರಿಸಲಿಕ್ಕೆ ಇಷ್ಟೊಂದು ಶೃಂಗಾರವೇ?

ಐದನೇ ದಿನ ಅರೆತೂಸಾ ಬುಗ್ಗೆಯ ಕಟ್ಟೆಗೆ ಒರಗಿ ನೇರವಾಗಿಯೇ ಕೇಳಿದೆ. ನದಿದೇವನೊಬ್ಬ ಅಟ್ಟಿಸಿಕೊಂಡು ಬಂದಾಗ ಅರೆತೂಸಾ ಎಂಬ ಅಪ್ಸರೆ ಈ ಬುಗ್ಗೆಯಾದಳು ಎನ್ನುವುದು ಅಲ್ಲಿನ ಕಥೆ. ಕೆಳಗೆ ಪಪೈರಸ್ ಜೊಂಡಿನ ನಡುವೆ ಬಾತುಗಳು ಜಗಳವಾಡುತ್ತಿದ್ದವು.

"ಎಲ್ಲಿಂದ ಬಂದಿದ್ದೀರಿ?"

"ಉತ್ತರದಿಂದ, ಬೆರ್ಗಮೊ ಊರು. ಹೆಸರು ತುಲ್ಲಿಯೊ. ಲಿಫ್ಟ್ ರಿಪೇರಿ ಮಾಡ್ತೀನಿ."

"ಇಲ್ಲಿ ಲಿಫ್ಟಿಗಿಂತ ಮೆಟ್ಟಿಲೇ ಜಾಸ್ತಿ."

"ಅದಕ್ಕೇ ರಜಾ ಹಾಕಿ ಇಲ್ಲಿಗೆ ಬಂದಿದ್ದು."

"ಅದದೇ ಕಥೆ ಐದು ದಿನ ಕೇಳಿದ್ರೆ ಬೇಜಾರಾಗಲ್ವಾ?"

"ಅದದೇ ಎಲ್ಲಿ? ಮೊನ್ನೆ ಅರೆತೂಸಾ ಹಿಂದೆ ಓಡಿಬಂದ ನದಿದೇವನಿಗೆ ಚೆನ್ನಾಗಿ ಬೈದ್ರಿ. ಇವತ್ತು ಅವನ ಮೇಲೆ ಸ್ವಲ್ಪ ಕನಿಕರ ಬಂದಿತ್ತು."

ಇಷ್ಟು ಗಮನವಿಟ್ಟು ಅಪ್ಪನ ನಂತರ ಯಾರೂ ನನ್ನ ಮಾತು ಕೇಳಿರಲಿಲ್ಲ. ಆದರೆ ಕಳ್ಳನೂ ಗಮನವಿಟ್ಟೇ ನೋಡುತ್ತಾನಲ್ಲ.

"ನೋಟ್‌ಬುಕ್ಕಲ್ಲಿ ಏನು ಬರೀತೀರಿ?"

ಅವನ ಕೈ ಥಟ್ಟನೆ ಕಿಸೆಯ ಮೇಲೆ ಹೋಯಿತು. "ಏನಿಲ್ಲ, ಸುಮ್ನೆ."

ಏನಿಲ್ಲ ಅನ್ನುವವರ ಹತ್ತಿರವೇ ಎಲ್ಲ ಇರುತ್ತದೆ. ಅವತ್ತು ದೊಡ್ಡ ಚರ್ಚಿನೊಳಗೆ ನಾನು ಅಪ್ಪನ ಬಲು ಚೆಂದದ ಕಥೆಯನ್ನು ನುಂಗಿಬಿಟ್ಟೆ. ಗ್ರೀಕರ ದೇಗುಲದ ದಪ್ಪ ಕಂಬಗಳನ್ನು ಕೆಡವದೆ, ನಡುವೆ ಗೋಡೆ ಎಬ್ಬಿಸಿ ಚರ್ಚು ಮಾಡಿಕೊಂಡವರ ಕಥೆ ಅದು. "ಕಂಬ. ಹಳೇದು. ಮುಂದೆ ನಡೀರಿ" ಅಂದೆ. ಜರ್ಮನಿಯ ಅಜ್ಜಿಯೊಬ್ಬಳು ಗೊಣಗಿದಳು. ತುಲ್ಲಿಯೊನ ಮುಖ ಬಾಡಿಹೋಯಿತು. ಸರಕು ಸಿಗಲಿಲ್ಲವೆಂದು ಬೇಜಾರಾಗಿರಬೇಕು ಅಂದುಕೊಂಡೆ.

ಮರುದಿನ ಡಿಸೆಂಬರ್ ಹದಿಮೂರು, ನಮ್ಮೂರನ್ನು ಕಾಯುವ ಸಂತ ಲೂಚಿಯಾಳ ದಿನ. ಮಧ್ಯಾಹ್ನ ಅವಳ ಬೆಳ್ಳಿಯ ಮೂರ್ತಿಯನ್ನು ಹೆಗಲ ಮೇಲೆ ಹೊತ್ತು ಹೊರಡುತ್ತಾರೆ. ಆದ್ದರಿಂದ ಸುತ್ತಾಟ ಬೇಗ ಮುಗಿಸಿ ಗುಂಪನ್ನು ತೀತಾ ಅತ್ತೆಯ ಕಾಫಿ ಅಂಗಡಿಗೆ ಕರೆದೊಯ್ದೆ. ತೀತಾ ನನಗೊಬ್ಬಳಿಗಲ್ಲ, ಇಡೀ ದ್ವೀಪಕ್ಕೇ ಅತ್ತೆ. ಯಾರ ಮನೆಯಲ್ಲಿ ಯಾರು ಕೆಮ್ಮಿದರೂ ಅವಳಿಗೆ ಸುದ್ದಿ.

ಆ ದಿನ ನಮ್ಮೂರಿನವರು ಹಿಟ್ಟಿನ ಪದಾರ್ಥ ಮುಟ್ಟುವುದಿಲ್ಲ. ಬರಗಾಲದಲ್ಲಿ ಲೂಚಿಯಾ ಗೋಧಿಯ ಹಡಗು ಕಳಿಸಿದಾಗ, ಹಸಿದ ಜನ ಬೀಸುವಷ್ಟೂ ತಡೆಯಲಾರದೆ ಕಾಳನ್ನೇ ಬೇಯಿಸಿ ತಿಂದರಂತೆ. ಹಾಗಾಗಿ ನಮಗೆ ಬೇಯಿಸಿದ ಗೋಧಿ, ಹೊರಗಿನವರಿಗೆ ಎಣ್ಣೆ ಸವರಿದ ಬ್ರೆಡ್. ಅತ್ತೆ ತುಲ್ಲಿಯೊ ಮುಂದೆ ಬ್ರೆಡ್ಡಿನ ತಟ್ಟೆ ಇಟ್ಟಳು. ಇವತ್ತೂ ಬಂದಿದ್ದ ಜರ್ಮನ್ ಅಜ್ಜಿ ತಿನ್ನಿ ಎಂದು ಸನ್ನೆ ಮಾಡಿದಳು.

"ಇವತ್ತಾ? ಇವತ್ತು ಯಾರಾದ್ರೂ ಬ್ರೆಡ್ ತಿಂತಾರಾ?" ಅನ್ನುತ್ತಾ ಅವನು ತಟ್ಟೆ ಆಚೆ ಸರಿಸಿ, ನನ್ನ ಬಟ್ಟಲಿನ ಗೋಧಿಗೆ ಚಮಚ ಹಾಕಿದ.

ಈ ಪದ್ಧತಿಯನ್ನು ನಾನಿನ್ನೂ ಗುಂಪಿಗೆ ಹೇಳಿರಲಿಲ್ಲ. ಬಾಯಿ ತಪ್ಪಿತೆಂದು ಅವನಿಗೂ ತಿಳಿಯಿತು. ಚಮಚ ಅಲ್ಲೇ ನಿಂತಿತು. ನಾನು ಅವನ ಮಫ್ಲರ್ ಹಿಡಿದು ಹೊರಗೆ ಎಳೆದುಕೊಂಡು ಹೋದೆ.

"ನೀನು ಈ ಊರೋನು."

"ಹೌದು. ಒಂಬತ್ತು ವರ್ಷದವನಿದ್ದಾಗ ಬಿಟ್ಟುಹೋದೆ. ಅಲ್ಲೂ ಅಮ್ಮ ಈ ದಿನ ಗೋಧೀನೇ ಬೇಯಿಸ್ತಾಳೆ."

"ಊರೋನೇ ಆದ್ರೆ ಕದಿಯೋದು ಇನ್ನೂ ಸುಲಭ. ಕೊಡು ನೋಟ್‌ಬುಕ್."

"ಬೇಡ, ರೊಸಾಲ್ಬಾ. ಅದನ್ನ ಓದಬೇಡ."

ಕಿತ್ತುಕೊಂಡೆ. ಒಳಗೆ ನನ್ನ ಕಥೆಯ ಒಂದು ಸಾಲೂ ಇರಲಿಲ್ಲ.

ಎರಡನೇ ದಿನ: ಕಂಬ ಯಾಕೆ ವಾಲಿದೆ ಅಂತ ಕೇಳಬೇಕು. ಮೇಲೆ ನೋಡ್ತಾ ಉತ್ತರ ಹೇಳ್ತಾಳೆ, ಆಗ ಅವಳನ್ನ ನೋಡಬಹುದು. ಮೂರನೇ ದಿನ: ಹೊಸ ಕಿವಿಯೋಲೆ. ಕೇಳಬೇಕಿದ್ದ ಪ್ರಶ್ನೆ ಮರೆತುಹೋಯ್ತು. ನಾಲ್ಕನೇ ದಿನ: ಬಾತುಗಳ ಬಗ್ಗೆ ಕೇಳಿದೆ. ಅವಳಿಗೆ ಬಾತು ಕಂಡ್ರೆ ಆಗಲ್ಲ, ಸಿಟ್ಟು ಚೆನ್ನಾಗಿರುತ್ತೆ. ಐದನೇ ದಿನ: ಚರ್ಚಲ್ಲಿ ಕಥೆ ಹೇಳಲಿಲ್ಲ. ನಾನೇನು ತಪ್ಪು ಮಾಡಿದೆ?

ನಗು ಬಂತು, ತಡೆದುಕೊಂಡೆ. "ಇಷ್ಟಕ್ಕೆ ಸುಳ್ಳು ಯಾಕೆ?"

"ನಿಜ ಹೇಳಿದ್ರೆ, ಊರೋನಿಗೆ ಗೈಡ್ ಯಾಕೆ ಅಂತ ನೀನು ಕೇಳ್ತಿದ್ದೆ. ಆಮೇಲೆ ಯಾರ ಮಗ ಅಂತ ಕೇಳ್ತಿದ್ದೆ."

"ಈಗ ಕೇಳ್ತಿದೀನಿ. ಯಾರ ಮಗ?"

ಅವನು ನೆಲ ನೋಡಿದ. "ತೂರಿ ಕನ್ನಾತಾ."

ಆ ಹೆಸರು ಇಲ್ಲಿ ಯಾರಿಗೆ ಗೊತ್ತಿಲ್ಲ? ಮೂವತ್ತಮೂರು ವರ್ಷದ ಹಿಂದೆ ಇದೇ ದಿನ, ಲೂಚಿಯಾಳನ್ನು ಹೊತ್ತಿದ್ದ ತೂರಿ ನಡುಬೀದಿಯಲ್ಲಿ ಹೆಗಲಿನ ಭಾರ ಬಿಟ್ಟು ಓಡಿಹೋದ. ಹೆಂಡತಿಗೆ ಹೆರಿಗೆ ನೋವು ಬಂದಿತ್ತು. ಹೆಂಗಸರು ಹೆರುವುದು ಇದ್ದದ್ದೇ, ಲೂಚಿಯಾ ಬರುವುದು ವರ್ಷಕ್ಕೊಮ್ಮೆ ಎಂದು ಊರು ತೀರ್ಪು ಕೊಟ್ಟಿತು. ಒಂಬತ್ತು ವರ್ಷ ಚುಚ್ಚುಮಾತು ಕೇಳಿ, ಕೊನೆಗೆ ಅವನು ಊರೇ ಬಿಟ್ಟ. ಇವತ್ತಿಗೂ ಕೆಲಸಗಳ್ಳರನ್ನು ನಾವು ತೂರಿ ಅಂತಲೇ ಹಂಗಿಸುತ್ತೇವೆ. ನಾನೂ ಹಂಗಿಸಿದ್ದೇನೆ.

"ಅಪ್ಪ ಅಕ್ಟೋಬರಲ್ಲಿ ಹೋದ," ಅಂದ ತುಲ್ಲಿಯೊ. "ಕೊನೇವರೆಗೂ ಈ ಚೌಕದ್ದೇ ಮಾತು. ಒಂದ್ಸಲ ನೋಡ್ಕೊಂಡು ಹೋಗೋಣ ಅಂತ ಬಂದೆ. ಮೊದಲನೇ ದಿನವೇ ನಿನ್ನ ದನಿ ಕೇಳಿಸ್ತು. ಆಮೇಲೆ ಹೋಗೋಕೆ ಆಗ್ಲಿಲ್ಲ."

"ಮಾತು ಚೆನ್ನಾಗಿದೆ. ಚೆನ್ನಾಗಿರೋ ಮಾತಿನ ಮೇಲೇ ನನಗೆ ಡೌಟು. ನಾನೂ ಅದನ್ನೇ ಮಾರಿ ಬದುಕೋಳು."

"ಮತ್ತೆ ಏನು ಮಾಡಿದ್ರೆ ನಂಬ್ತೀಯಾ?"

"ಒಳಗೆ ಹೋಗಿ ತೀತಾ ಅತ್ತೆಗೆ ನೀನು ಯಾರು ಅಂತ ಹೇಳು. ಅವಳಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಸಂಜೆ ರೈಲು ಹತ್ತೋ ಯೋಚನೆ ಇದ್ರೆ ಹೇಳೋದು ಬೇಡ."

ಅವನು ಬಾಗಿಲ ಕಡೆ ನೋಡಿದ. ಅಂಗಡಿಯ ತುಂಬ ಮೂರ್ತಿ ಹೊರುವವರು ಹಸಿರು ಟೋಪಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಹೋಗಲಾರ ಅಂದುಕೊಂಡೆ. ಹೋಗಲಿ ಎಂದು ಲೂಚಿಯಾಳನ್ನು ಬೇಡಿಕೊಂಡೆ.

ಹೋದ. "ಅತ್ತೆ, ನಾನು ತುಲ್ಲಿಯೊ. ತೂರಿ ಕನ್ನಾತಾನ ಮಗ. ಅವತ್ತು ಹುಟ್ಟಿದೋನು ನಾನೇ."

ಹಸಿರು ಟೋಪಿಗಳೆಲ್ಲ ಅವನತ್ತ ತಿರುಗಿದವು. ಅತ್ತೆ ಕೈ ಒರೆಸಿಕೊಳ್ಳುತ್ತಾ ಈಚೆ ಬಂದು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಮ್ಮೆಜಮಾನ್ರು ನಿಮ್ಮಪ್ಪನ ಹಿಂದೇನೇ ಇದ್ರು. ಆ ಭಾರವೆಲ್ಲ ಇವರ ಮೇಲೆ ಬಿತ್ತು. ಒಂದು ತಿಂಗಳು ಆ ಹೆಗಲಿಗೆ ಎಣ್ಣೆ ತಿಕ್ಕಿದೀನಿ."

"ತಪ್ಪಾಯ್ತು ಅತ್ತೆ."

"ನಿಂದೇನು ತಪ್ಪು? ಹೆರಿಗೆ ಸುಸೂತ್ರ ಆಯ್ತಾ ಅಂತ ಅವತ್ತು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ." ಅವಳ ದನಿ ಇಳಿಯಿತು. "ಎಷ್ಟು ತೂಕ ಇದ್ದೆ ನೀನು?"

"ನಾಲ್ಕು ಕೇಜಿ ಅಂತೆ."

"ಅದೂ ಭಾರವೇ, ಬಿಡು." ಹಸಿರು ಟೋಪಿಯ ಮುದುಕನೊಬ್ಬ ನಕ್ಕ. ಅತ್ತೆ ನಗಲಿಲ್ಲ. "ಕನ್ನಾತಾ ಮನೆಯವರು ಈಗ ಒಬ್ಬರೂ ಉಳಿದಿಲ್ಲ. ಇಲ್ಲಿ ನಿನಗೆ ಯಾರಿದಾರೆ?"

ಅವನು ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿಯೂ ನೋಡದೆ ತಲೆ ತಗ್ಗಿಸಿದ. ನನ್ನ ಅನುಮಾನ ಪೂರ್ತಿ ಹೋಗಿರಲಿಲ್ಲ, ಅದು ಹೋಗುವ ಜಾತಿಯದ್ದೂ ಅಲ್ಲ. ಆದರೆ ಅವನು ನನಗೆ ಬೇಕಾಗಿದ್ದ.

"ನಾನಿದೀನಿ ಅತ್ತೆ" ಅಂದೆ.

ಮೂರ್ತಿ ಚರ್ಚಿನಿಂದ ಹೊರಗೆ ಬರುವಷ್ಟರಲ್ಲಿ ಇಡೀ ದ್ವೀಪಕ್ಕೆ ಗೊತ್ತಾಗಿತ್ತು.