ನೀಲಿ ಬಟ್ಟೆಯ ದಿಂಬು

"ಅಪ್ಪಾ, ಅಕ್ಕ ಬಂದ್ಲು!"

ಕೈಯಲ್ಲಿದ್ದ ಅಂಗಿಯನ್ನು ಹಾಗೇ ಬಿಟ್ಟು ಗುಂಡಿ ಹೊಸ್ತಿಲಿಗೆ ಹಾರಿದಳು. ದರ್ಜಿಯ ಚಿಕ್ಕ ಮಗಳು ಅವಳು. ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಕೆಲಸ, ಅದಕ್ಕೇ ಆ ಹೆಸರು.

ಅಕ್ಕ ಬ್ಯಾಗು ಇಳಿಸಿ ಇಸ್ತ್ರಿ ಮೇಜಿಗೆ ಒರಗಿ ನಿಂತಳು. ವಾಯುಸೇನೆಯ ಪೈಲಟ್ ಆಗಬೇಕೆಂದು ಸೆಲೆಕ್ಷನ್‌ಗೆ ಹೋಗಿದ್ದಳು. ಅವಳ ಮುಖ ನೋಡುತ್ತಲೇ ಅಪ್ಪನ ಮಿಷನ್ ನಿಂತಿತು.

"ಪರೀಕ್ಷೆ ಎಲ್ಲಾ ಪಾಸಾದೆ ಅಪ್ಪ. ಕಾಲಿನ ಅಳತೆ ಸಾಲಲಿಲ್ಲ. ವಾಪಸ್ ಕಳಿಸಿದ್ರು."

"ಅದು ಹೇಗೇ? ನಾನೇ ಅಳೆದಿದ್ದೆನಲ್ಲ! ಬೇಕಾದ್ದಕ್ಕಿಂತ ಜಾಸ್ತೀನೇ ಇತ್ತು."

"ನೀವು ಪ್ಯಾಂಟಿಗೆ ಅಳೆಯೋ ಹಾಗೆ ಅಳೆದ್ರಿ, ನಿಲ್ಲಿಸಿ, ಸೊಂಟದಿಂದ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರಿಸ್ತಾರೆ. ಗೋಡೆಯಿಂದ ಹಿಮ್ಮಡಿಗೆ ಅಳೀತಾರೆ."

ಅಪ್ಪ ಕೊರಳಲ್ಲಿದ್ದ ಟೇಪನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅವರ ಅಳತೆ ತಪ್ಪಿದ್ದನ್ನು ಗುಂಡಿ ಕಂಡಿದ್ದೇ ಇಲ್ಲ. ಅವತ್ತು ಟೇಪಿನ ಕೆಳತುದಿ ಹಿಡಿದವಳು ಅವಳೇ. "ಪಾಸ್!" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದವಳೂ ಅವಳೇ.

ಕಪಾಟಿನಲ್ಲಿ ಒಂದು ನೀಲಿ ಬಟ್ಟೆ ಇತ್ತು. ಅಕ್ಕನ ಯೂನಿಫಾರ್ಮಿಗೆಂದು ಅಪ್ಪ ತಂದಿಟ್ಟದ್ದು. "ಅಲ್ಲಿ ಅವರೇ ಕೊಡ್ತಾರಪ್ಪ" ಎಂದು ಅಕ್ಕ ನಕ್ಕಾಗ, "ಕೊಡ್ಲಿ ಬಿಡು, ಫಿಟ್ಟಿಂಗ್ ನೋಡೋರು ಯಾರು?" ಅಂದಿದ್ದರು. ಅಕ್ಕ ವಾಪಸ್ ಬಂದ ಮೇಲೆ ಆ ಕಪಾಟಿನ ಕಡೆ ಯಾರೂ ನೋಡಲಿಲ್ಲ.

ಸ್ಕೂಲಿನಲ್ಲಿ ಗೆಳತಿ ಗಿಳಿ ಇವಳನ್ನು ಸುಮ್ಮನೆ ಬಿಡಬೇಕಲ್ಲ! ಪಕ್ಕದಲ್ಲೇ ಕೂರುವವಳು, ಬಾಯಿಗೆ ಬಿಡುವೇ ಇಲ್ಲದವಳು.

"ಏನೇ ಗುಂಡಿ, ನಿಮ್ಮಕ್ಕ ಫೈಟರ್ ಪ್ಲೇನ್‌ನ ಮನೆ ಮುಂದೇನೇ ಪಾರ್ಕ್ ಮಾಡ್ತಾಳಾ?"

"ಇನ್ನೂ ರಿಸಲ್ಟ್ ಬಂದಿಲ್ಲ ಕಣೇ."

ಹಾಗೆಂದು ಗುಂಡಿ ಪುಸ್ತಕದೊಳಗೆ ಮುಖ ಹುದುಗಿಸಿದಳು. ಮರುದಿನವೂ ಹಾಗೇ ಅಂದಳು. ಆಮೇಲೂ ಅಂದಳು.

ಅಕ್ಕ ಮಾತ್ರ ಕೈಕಟ್ಟಿ ಕೂರಲಿಲ್ಲ. ಒಂದು ಸಂಜೆ ಊರಾಚೆಯ ಫ್ಲೈಯಿಂಗ್ ಸ್ಕೂಲಿಗೆ ಹೋಗಿ ಬಂದಳು. ಬಂದವಳೇ, "ಅಲ್ಲಿನ ಮೇಡಂ ನನ್ನನ್ನ ಪ್ಲೇನಲ್ಲಿ ಕೂರಿಸಿ ನೋಡಿದ್ರು. ಪೆಡಲ್ ಕಾಲ್ಬೆರಳಿಗೆ ಸಿಗುತ್ತೆ, ಪೂರ್ತಿ ಒತ್ತೋಕೆ ಆಗಲ್ಲ. ಬೆನ್ನ ಹಿಂದೆ ಗಟ್ಟಿ ದಿಂಬು ಇಟ್ಕೊಂಡು ಬಾ ಅಂದ್ರು" ಎಂದಳು.

"ದಿಂಬು ಇಟ್ಕೊಂಡು ಪ್ಲೇನ್ ಓಡಿಸ್ತಾರಾ?" ಗುಂಡಿ ಕಣ್ಣರಳಿಸಿದಳು.

"ಮೇಡಮ್ಮೇ ಇಟ್ಕೋತಾರಂತೆ."

"ಫೈಟರ್ ಪ್ಲೇನಾ?"

"ಅಲ್ಲ ಪುಟ್ಟಾ. ಅದಾಗಲ್ಲ. ಇದು ಜನರನ್ನ ಕರ್ಕೊಂಡು ಹೋಗೋದು."

ಅಪ್ಪ ಎದ್ದರು. "ಗೋಡೆಗೆ ಬೆನ್ನು ಕೊಟ್ಟು ಕೂತ್ಕೋಮ್ಮ."

ಅಕ್ಕ ನೆಲದ ಮೇಲೆ ಕಾಲು ಚಾಚಿ ಕೂತಳು. ಅಪ್ಪ ಮಂಡಿಯೂರಿ, ಮಡಿಸಿದ ಬಟ್ಟೆಗಳನ್ನು ಒಂದೊಂದಾಗಿ ಅವಳ ಬೆನ್ನ ಹಿಂದೆ ಸೇರಿಸುತ್ತ ಹೋದರು. ಗುಂಡಿ ಅಕ್ಕನ ಕಾಲ ಮುಂದೆ ಮಣೆಯೊಂದನ್ನು ಪೆಡಲಿನ ಹಾಗೆ ಒತ್ತಿ ಹಿಡಿದಳು.

"ಇಷ್ಟು ಸಾಕಾ? ನೀನೇ ಹೇಳು."

ಗಿರಾಕಿಗಳಿಗೆ ಯಾವತ್ತೂ ಹೀಗೆ ಕೇಳದ ಅಪ್ಪ, ಅಕ್ಕನನ್ನು ಮತ್ತೆ ಮತ್ತೆ ಕೇಳಿದರು.

"ಇನ್ನೊಂಚೂರು. ಹಾಂ, ಸಾಕು."

ಅಪ್ಪ ಕಪಾಟು ತೆರೆದು ನೀಲಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದರು. ಅಂಗೈಯಿಂದ ಒಮ್ಮೆ ಸವರಿದರು. ಕತ್ತರಿ ಹಿಡಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಬಟ್ಟೆಯ ನಡುವೆ ಕರ್ ಕರ್ ಎಂದು ಸಾಗಿತು. ಅಕ್ಕ ಅದನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು. ಆದರೂ ತಡೆಯಲಿಲ್ಲ.

ಗುಂಡಿ ಸದ್ದಿಲ್ಲದೆ ಹೋಗಿ ಬಟ್ಟೆಯ ಆ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಮರುದಿನ ಗಿಳಿ ಬಾಯಿ ತೆರೆಯುವ ಮೊದಲೇ ಗುಂಡಿ ಹೇಳಿದಳು. "ನಮ್ಮಕ್ಕ ಸೆಲೆಕ್ಟ್ ಆಗ್ಲಿಲ್ಲ. ರಿಸಲ್ಟ್ ಅವತ್ತೇ ಬಂದಿತ್ತು. ಈಗ ಬೇರೆ ಪ್ಲೇನ್ ಕಲೀತಾಳೆ, ಬೆನ್ನಿಗೆ ದಿಂಬು ಇಟ್ಕೊಂಡು."

ಗಿಳಿ ನಗಲು ಹೊರಟವಳು ಗುಂಡಿಯ ಮುಖ ನೋಡಿ ಹತ್ತಿರ ಸರಿದಳು.

"ಯಾವ ಬಣ್ಣದ ದಿಂಬು?"

"ನೀಲಿ," ಅಂದಳು ಗುಂಡಿ. "ಅಪ್ಪ ಹೊಲಿದಿದ್ದು. ಗುಂಡಿ ನಾನು ಹಾಕಿದ್ದು."